ಮಾತು ಬಾರದ ಕೂಸಿನ ಕಿವಿನೋವು



ಕಳೆದ ಆಷಾಢದ ಜಡಿಮಳೆಯ ಒಂದು ರಾತ್ರಿ ಸವಳಂಗದ ಕಡೆಯಿಂದ ದೂರವಾಣಿ ಕರೆ ಬಂದಿತು. ಕರೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನೂ ಅಜ್ಜನಾಗಿದ್ದಾನೆ. "ಮೇಷ್ಟ್ರೇ, ಮೊಮ್ಮಗಳಿಗೆ ಒಂಬತ್ತು ತಿಂಗಳು. ಮೂರು ದಿನದಿಂದ ನೆಗಡಿ ಇತ್ತು. ಇವತ್ತು ಮಲಗಿಸಿದ್ರೆ ಚೀರ್ತಾಳೆ, ಎತ್ತಿಕೊಂಡ್ರೆ ಸ್ವಲ್ಪ ಸುಮ್ಮನಾಗ್ತಾಳೆ. ಎದೆಗೆ ಹಾಕಿದ್ರೆ ಎರಡು ಗುಟುಕು ಕುಡಿದು ಅತ್ತುಬಿಡ್ತಾಳೆ. ಮೈ ಬೆಚ್ಚಗಿದೆ. ಮನೆಯವರೆಲ್ಲ ಹಲ್ಲು ಬರ್ತಿದೆ ಅಂತಾರೆ. ನನಗೆ ಮಾತ್ರ ಕಿವಿಯೇ ಅನ್ನಿಸ್ತು. ಶಿವಮೊಗ್ಗಕ್ಕೆ ಹೊರಟಿದ್ದೀವಿ, ನಿಮಗೆ ಹೇಳಬೇಕು ಅನ್ನಿಸ್ತು" ಎಂದ.

ನನಗೇ ಏಕೆ ಹೇಳಬೇಕೆನ್ನಿಸಿತು ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ನಲವತ್ತೈದು ವರ್ಷಗಳಿಗೂ ಹಿಂದಿನ ಆ ಸಂಗತಿಯನ್ನು ನಾನು ಈವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಅದು 1978ರ ಮಳೆಗಾಲ. ಸವಳಂಗವು ಆಗ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅತ್ತ ಹೋಯಿತು. ಈಗ ನ್ಯಾಮತಿ ತಾಲ್ಲೂಕಿನಲ್ಲಿದೆ. ಸಮೀಪದ ಹಳ್ಳಿಯೊಂದರ ಶಾಲೆಯಲ್ಲಿ ನಾನು ಹೊಸ ಮೇಷ್ಟ್ರು. ಮೂರನೆಯ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಕುಳಿತಿರುತ್ತಿದ್ದ. ಕರೆದರೆ ಓಗೊಡುತ್ತಿರಲಿಲ್ಲ, ಲೆಕ್ಕ ಕೇಳಿದರೆ ಮತ್ತೊಬ್ಬರ ಮುಖ ನೋಡುತ್ತಿದ್ದ. ಉದ್ಧಟತನವೆಂದೇ ಬಗೆದು ಒಂದು ದಿನ ಎದ್ದು ಹೋಗಿ ಅವನ ಎಡಗಿವಿಯನ್ನು ಹಿಂಡಿದೆ. ಅವನು ಚೀರಿದ ಚೀರಾಟಕ್ಕೆ ಇಡೀ ತರಗತಿ ಸ್ತಬ್ಧವಾಯಿತು. ನನ್ನ ಬೆರಳಿಗೆ ಒದ್ದೆ ಹತ್ತಿತ್ತು. ನೋಡಿದರೆ ಕೀವು.

ಮರುದಿನ ಅವನ ತಾಯಿ ಬಂದರು. ಜಗಳಕ್ಕೆ ಬಂದಿರಬೇಕೆಂದು ನಾನು ಅಂಜಿದ್ದೆ. ಆಕೆ ಬಾಗಿಲಲ್ಲಿ ನಿಂತು, "ಅವ ಹಟಮಾರಿ ಅಲ್ರೀ ಮೇಷ್ಟ್ರೇ, ಆ ಕಿವಿ ಅವಂಗೆ ಕೇಳ್ಸದಿಲ್ಲ" ಎಂದಷ್ಟೇ ಹೇಳಿದರು. ನಾನು ಕೇಳಿದ ಮೇಲೆ ಉಳಿದದ್ದನ್ನೂ ಹೇಳಿದರು. ಎಂಟು ತಿಂಗಳ ಕೂಸಾಗಿದ್ದಾಗ ನೆಗಡಿ ಬಂದು ಮೂರು ರಾತ್ರಿ ಅತ್ತನಂತೆ. ದೃಷ್ಟಿ ತೆಗೆದರು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟರು. ನಾಲ್ಕನೆಯ ದಿನ ಬೆಳಗಿನ ಜಾವ ಕಿವಿಯಿಂದ ಕೀವು ಹರಿಯಿತು; ಕೂಸು ಅಳು ನಿಲ್ಲಿಸಿ ನಿದ್ದೆಹೋಯಿತು. ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ಅಂದಿನಿಂದ ಪ್ರತಿ ಮಳೆಗಾಲಕ್ಕೂ ಆ ಕಿವಿ ಸೋರುತ್ತಲೇ ಇತ್ತು.

ಆ ತಾಯಿ ಏನನ್ನೂ ಕಾಣದೆ ಇದ್ದವರಲ್ಲ. ಎಲ್ಲ ಲಕ್ಷಣಗಳನ್ನೂ ಕಂಡಿದ್ದರು. ಆದರೆ ಅದರ ಅರ್ಥ ಹೇಳುವವರು, ಮುಂದೇನು ಮಾಡಬೇಕೆಂದು ತೋರಿಸುವವರು ಹತ್ತಿರ ಇರಲಿಲ್ಲ. ಆ ಅಪರಾಧಪ್ರಜ್ಞೆಯೇ ನನ್ನನ್ನು ಈ ವಿಷಯದ ಚರಿತ್ರೆಯತ್ತ ಎಳೆಯಿತು.

ಓದುತ್ತ ಹೋದಂತೆ ಆಶ್ಚರ್ಯವಾಯಿತು. ಮಾತು ಬಾರದ ಶಿಶುವಿನ ನೋವನ್ನು ಅದರ ಚಲನೆಯಿಂದಲೇ ಓದುವ ವಿದ್ಯೆ ನಮ್ಮಲ್ಲಿ ಬಹು ಪ್ರಾಚೀನ. ಸುಶ್ರುತ ಸಂಹಿತೆಯ ಉತ್ತರತಂತ್ರವು 28 ಕರ್ಣರೋಗಗಳನ್ನು ಎಣಿಸುತ್ತದೆ; ಕಿವಿ ಸೋರುವ ಕರ್ಣಸ್ರಾವವೂ ಅವುಗಳಲ್ಲೊಂದು. ಮಕ್ಕಳ ಚಿಕಿತ್ಸೆಗೇ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ 'ವೇದನಾಧ್ಯಾಯ' ಎಂಬ ಒಂದು ಅಧ್ಯಾಯವೇ ಇದೆ. ಯಾವ ಅವಯವ ನೋಯುತ್ತಿದ್ದರೆ ಕೂಸು ಹೇಗೆ ವರ್ತಿಸುತ್ತದೆ ಎಂಬುದೇ ಅದರ ವಸ್ತು. ಕಿವಿನೋವಿನ ಶಿಶು ಕೈಗಳಿಂದ ಕಿವಿಗಳನ್ನು ಮುಟ್ಟಿಕೊಳ್ಳುತ್ತದೆ, ತಲೆಯನ್ನು ಬಹಳವಾಗಿ ಹೊರಳಾಡಿಸುತ್ತದೆ, ಚಡಪಡಿಸುತ್ತದೆ, ಆಹಾರ ಒಲ್ಲದು, ನಿದ್ದೆ ಮಾಡದು ಎಂದು ಆ ಗ್ರಂಥ ಹೇಳುತ್ತದೆ. ನೇಪಾಳದಲ್ಲಿ ದೊರೆತ ಅಪೂರ್ಣ ತಾಳೆಗರಿ ಪ್ರತಿಯಿಂದ ಈ ಗ್ರಂಥ ಮೊದಲಿಗೆ ಅಚ್ಚಾದದ್ದು 1938ರಲ್ಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಿವಿ ಮುಟ್ಟಿಕೊಳ್ಳುವುದೊಂದನ್ನೇ ಆ ಗ್ರಂಥಕಾರ ಲಕ್ಷಣವೆಂದು ಹೇಳಿಲ್ಲ. ಇತರ ಚಿಹ್ನೆಗಳೊಂದಿಗೆ ಸೇರಿಸಿ ಹೇಳಿದ್ದಾನೆ. ಇಂದಿನ ಮಕ್ಕಳ ವೈದ್ಯರದೂ ಇದೇ ಮಾತು. ಕೂಸುಗಳು ಆಟಕ್ಕೂ ಕಿವಿ ಎಳೆದುಕೊಳ್ಳುತ್ತವೆ, ನಿದ್ದೆಗಣ್ಣಿನಲ್ಲೂ ಎಳೆದುಕೊಳ್ಳುತ್ತವೆ. ನೆಗಡಿಯ ಬೆನ್ನಿಗೇ ಜ್ವರ, ಮಲಗಿಸಿದಾಗ ಹೆಚ್ಚುವ ಅಳು, ಹಾಲು ಹೀರುವಾಗ ನೋವು, ನಿದ್ರಾಭಂಗ ಇವು ಜೊತೆಗೂಡಿದಾಗ ಕಿವಿಯನ್ನು ಶಂಕಿಸಬೇಕು.

ಇದಕ್ಕೆ ಕಾರಣ ಶರೀರದ ರಚನೆಯಲ್ಲಿದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಯೂಸ್ಟೇಶಿಯನ್ ನಾಳವೆಂಬ ಸಣ್ಣ ಕೊಳವೆಯುಂಟು. ದೊಡ್ಡವರಲ್ಲಿ ಅದು ಉದ್ದವಾಗಿ ಇಳಿಜಾರಾಗಿದೆ. ಶಿಶುಗಳಲ್ಲಿ ಗಿಡ್ಡವಾಗಿ, ಹೆಚ್ಚುಕಡಿಮೆ ಮಟ್ಟಸವಾಗಿದೆ. ನೆಗಡಿಯಾದಾಗ ಅದು ಊದಿ ಮುಚ್ಚಿಕೊಳ್ಳುತ್ತದೆ. ರೋಗಾಣುಗಳು ಒಳಸೇರುತ್ತವೆ, ತಮಟೆಯ ಹಿಂದೆ ಕೀವು ತುಂಬುತ್ತದೆ. ಹೀರುವಾಗ, ನುಂಗುವಾಗ ಅಲ್ಲಿನ ಒತ್ತಡ ಬದಲಾಗಿ ನೋವು ಮರುಕಳಿಸುತ್ತದೆ. ಒತ್ತಡ ಮಿತಿಮೀರಿ ತಮಟೆ ಹರಿದಾಗ ಕೀವು ಹೊರಬರುತ್ತದೆ, ನೋವು ತಟ್ಟನೆ ಇಳಿಯುತ್ತದೆ. ಆ ತಾಯಿ ಗುಣವೆಂದು ತಿಳಿದದ್ದು ಈ ಗಳಿಗೆಯನ್ನೇ. ಹರಿದ ತಮಟೆ ಬಹುಪಾಲು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಆ ಹುಡುಗನಲ್ಲಿ ಕೂಡಿಕೊಳ್ಳಲಿಲ್ಲ.

ಹಿಂದೆ ಈ ರೋಗ ಪ್ರಾಣವನ್ನೇ ತೆಗೆಯುತ್ತಿತ್ತು. ಡಬ್ಲಿನ್ನಿನ ಸರ್ ವಿಲಿಯಂ ವೈಲ್ಡ್ ತನ್ನ ಕಾಲದ ಪ್ರಸಿದ್ಧ ಕಿವಿವೈದ್ಯ. 1853ರಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯ ಕುರಿತು ಹೆಸರುವಾಸಿಯಾದ ಗ್ರಂಥ ಬರೆದವನು. ಅವನ ಮಗ, ಸಾಹಿತಿ ಆಸ್ಕರ್ ವೈಲ್ಡ್, 1900ರಲ್ಲಿ ತೀರಿಕೊಂಡದ್ದು ಕಿವಿಯ ಸೋಂಕು ಮೆದುಳಿಗೆ ಏರಿದ್ದರಿಂದ ಎಂಬುದು ಅನೇಕ ವೈದ್ಯರ ಅಭಿಪ್ರಾಯ. 1873ರಲ್ಲಿ ವಿಯೆನ್ನಾದಲ್ಲಿ ಆಡಂ ಪೊಲಿಟ್ಜರ್ ಮತ್ತು ಯೋಸೆಫ್ ಗ್ರೂಬರ್ ಅವರ ನೇತೃತ್ವದಲ್ಲಿ ಕಿವಿರೋಗಗಳಿಗೆಂದೇ ಚಿಕಿತ್ಸಾಲಯ ಆರಂಭವಾಯಿತು. ಅದೇ ವರ್ಷ ಜರ್ಮನಿಯ ಹರ್ಮನ್ ಶ್ವಾರ್ಟ್ಸೆ, ಕಿವಿಯ ಹಿಂದಿನ ಮೂಳೆಯನ್ನು ಕೊರೆದು ಕೀವು ತೆಗೆಯುವ ವಿಧಾನವನ್ನು ಪ್ರಕಟಿಸಿದ. ಪೆನಿಸಿಲಿನ್ ಜನಸಾಮಾನ್ಯರಿಗೆ ದೊರೆಯುವಂತಾದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ನಮ್ಮ ದೇಶದಲ್ಲಿ ಅದನ್ನು ತಯಾರಿಸಲೆಂದು ಪುಣೆಯ ಬಳಿಯ ಪಿಂಪ್ರಿಯಲ್ಲಿ ಸರ್ಕಾರಿ ಕಾರ್ಖಾನೆ 1954ರಲ್ಲಿ ಸ್ಥಾಪನೆಯಾಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1965ರಲ್ಲಿ. ಅಂದರೆ ಆ ಹುಡುಗನ ಕಿವಿ ಸೋರತೊಡಗಿದ ಹೊತ್ತಿಗೆ ಔಷಧವೂ ಇತ್ತು, ಶ್ರವಣಪರೀಕ್ಷೆಯೂ ಇತ್ತು. ಹಳ್ಳಿಯ ತೊಟ್ಟಿಲಿಗೂ ಅವುಗಳಿಗೂ ನಡುವೆ ದಾರಿ ಇರಲಿಲ್ಲ, ಅಷ್ಟೆ.

ಆ ದಾರಿಯನ್ನು ಹಾಕಿದ ಪ್ರಯತ್ನಗಳಲ್ಲಿ ಮುಖ್ಯವಾದುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರ ದಶಕದಲ್ಲಿ ರೂಪಿಸಿದ ಶಿಶುರೋಗ ನಿರ್ವಹಣೆಯ ಕ್ರಮ. ಭಾರತದಲ್ಲೂ ಅದು ಜಾರಿಯಾಯಿತು. ಅದರ ಪ್ರಕಾರ ಅನಾರೋಗ್ಯದ ಮಗುವನ್ನು ತಂದಾಗ, ಕಿವಿಯ ತೊಂದರೆ ಇದೆಯೇ ಎಂದು ಆರೋಗ್ಯ ಕಾರ್ಯಕರ್ತರು ಕೇಳಲೇಬೇಕು. ಕೀವು ಸೋರುವುದು 14 ದಿನಕ್ಕಿಂತ ಕಡಿಮೆಯಿದ್ದರೆ ಹೊಸ ಸೋಂಕು, 14 ದಿನ ಅಥವಾ ಹೆಚ್ಚಾಗಿದ್ದರೆ ಹಳೆಯ ಸೋಂಕು. ಕಿವಿಯ ಹಿಂದೆ ಮುಟ್ಟಿದರೆ ನೋಯುವ ಬಾವು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಸೋರುವ ಕಿವಿಯನ್ನು ಒಣಗಿಸಲು ಶುಭ್ರವಾದ ಹತ್ತಿಬಟ್ಟೆಯ ಬತ್ತಿಯನ್ನು ದಿನಕ್ಕೆ ಮೂರು ಬಾರಿಯಾದರೂ ಇಟ್ಟು ತೆಗೆಯಬೇಕು. ಎಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಕಿವಿಗೆ ಬಿಡಬಾರದು. ತಮಟೆ ಹರಿದಿದ್ದರೆ ಅವು ನೇರವಾಗಿ ನಡುಗಿವಿಗೇ ಇಳಿಯುತ್ತವೆ. ಬೆಂಕಿಕಡ್ಡಿ, ಪಿನ್ನುಗಳಂತೂ ಕೂಡದು.

ಚಿಕ್ಕ ಮಕ್ಕಳಿರುವ ನನ್ನ ವಿದ್ಯಾರ್ಥಿಗಳು ಇನ್ನೂ ಕೆಲವನ್ನು ನೆನಪಿಡಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಯಾವ ವಯಸ್ಸಿನ ಮಗುವೇ ಆಗಲಿ, ಮಂಪರು, ಫಿಟ್ಸ್, ಕತ್ತಿನ ಬಿಗಿತ, ಮುಖ ಒಂದು ಕಡೆಗೆ ವಾಲುವುದು, ಕಿವಿ ಮುಂದಕ್ಕೆ ಚಾಚಿಕೊಳ್ಳುವುದು ಕಂಡರೆ ಅದೇ ಗಳಿಗೆಗೆ ಹೊರಡಿ. ಎಲ್ಲ ಕಿವಿನೋವಿಗೂ ಆ್ಯಂಟಿಬಯೋಟಿಕ್ ಬೇಕಾಗದು, ಅದನ್ನು ವೈದ್ಯರು ನಿರ್ಧರಿಸಲಿ. ಕೊಟ್ಟರೆ ಅವರು ಹೇಳಿದಷ್ಟು ದಿನವೂ ಪೂರ್ತಿ ಹಾಕಿ. ಬಾಟಲಿ ಹಾಲು ಕುಡಿಸುವವರು ಮಗುವಿನ ತಲೆ ಎತ್ತಿ ಕುಡಿಸಿ. ಬೀಡಿಯ ಹೊಗೆ, ಒಲೆಯ ಹೊಗೆ ತೊಟ್ಟಿಲಿಗೆ ತಾಗದಿರಲಿ. ಎದೆಹಾಲು ಈ ಸೋಂಕಿನಿಂದ ತಕ್ಕಮಟ್ಟಿಗೆ ಕಾಯುತ್ತದೆ. 2021ರಿಂದ ದೇಶದಾದ್ಯಂತ ಉಚಿತವಾಗಿ ಸಿಗುವ ನ್ಯುಮೋಕಾಕಲ್ ಲಸಿಕೆಯನ್ನು 6ನೆಯ ವಾರ, 14ನೆಯ ವಾರ ಮತ್ತು 9ನೆಯ ತಿಂಗಳಲ್ಲಿ ತಪ್ಪದೆ ಹಾಕಿಸಿ. ಕಿವಿಯ ಸೋಂಕಿನ ಪ್ರಮುಖ ರೋಗಾಣುಗಳಲ್ಲೊಂದಕ್ಕೆ ಅದು ತಡೆ.

ಶಿಕ್ಷಕರಾದವರಿಗೆ ಮತ್ತೊಂದು ಮಾತು. ಸೋಂಕು ವಾಸಿಯಾದ ಮೇಲೂ ನಡುಗಿವಿಯಲ್ಲಿ ದ್ರವ ವಾರಗಟ್ಟಲೆ ಉಳಿದು ಕೇಳ್ಮೆ ಮಂದವಾಗುವುದುಂಟು. ಕರೆದರೆ ತಿರುಗದ ಮಗುವನ್ನು ಗದರುವ ಮೊದಲು ಅದರ ಕಿವಿಯನ್ನು ಪರೀಕ್ಷಿಸಿಸಿ.

ಅಂದು ಆ ಹುಡುಗನನ್ನು ಮೊದಲ ಸಾಲಿಗೆ ಕರೆದು, ಬಲಗಿವಿ ನನ್ನ ಕಡೆಗಿರುವಂತೆ ಕೂರಿಸಿದೆ. ಆ ವರ್ಷದ ಪರೀಕ್ಷೆಯಲ್ಲಿ ಗಣಿತದಲ್ಲಿ ಅವನೇ ಮೊದಲಿಗ. ಅನಂತರ ನಾನು ಯಾವ ಮಗುವಿನ ಕಿವಿಯನ್ನೂ ಹಿಂಡಲಿಲ್ಲ. ಅವನ ಎಡಗಿವಿ ಮಾತ್ರ ಪೂರ್ತಿ ಹಿಂದಿರುಗಲಿಲ್ಲ.

ಮೊನ್ನೆಯ ರಾತ್ರಿಯ ಕತೆಯ ಕೊನೆಯನ್ನೂ ಹೇಳಬೇಕು. ಮರುದಿನ ಬೆಳಿಗ್ಗೆ ಅವನೇ ಮತ್ತೆ ಕರೆ ಮಾಡಿದ. ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರಂತೆ. ತಮಟೆ ಕೆಂಪಾಗಿ ಉಬ್ಬಿತ್ತು, ಹರಿದಿರಲಿಲ್ಲ. ಔಷಧ ಕೊಟ್ಟು ಮತ್ತೆ ತೋರಿಸಲು ಹೇಳಿದ್ದಾರೆ. "ಈಗ ಹಾಲು ಕುಡಿದು ಮಲಗಿದಾಳೆ ಮೇಷ್ಟ್ರೇ" ಎಂದ. ಫೋನನ್ನು ಅವನು ಈಗಲೂ ಬಲಗಿವಿಗೇ ಹಿಡಿಯುತ್ತಾನೆ.