ಉಗುಳಿನ ಗೂಡಿನ ಬಾನಾಡಿ

ಸಂಜೆಯ ಹೊತ್ತು ಕೆಲಗೇರಿ ಕೆರೆಯ ಏರಿಯ ಮೇಲೆ ಅಡ್ಡಾಡಿದ್ದರೆ, ಕುಡುಗೋಲಿನಂಥ ರೆಕ್ಕೆಯ ಸಣ್ಣ ಕರಿಹಕ್ಕಿಗಳು ಹುಳುಗಳನ್ನು ಅಟ್ಟುತ್ತ ನೀರಿನ ಮೇಲೆ ಸುತ್ತುವುದನ್ನು ನೀವು ಕಂಡಿರಬಹುದು. ಬೆನ್ನಿನ ಕೆಳಗೆ ಬಿಳಿಯ ಪಟ್ಟಿ ಇದ್ದರೆ ಅದು ಮನೆ ಬಾನಾಡಿ, ಹಳೆಯ ಕಟ್ಟಡಗಳ ಸೂರಿನಲ್ಲಿ ಗೂಡು ಕಟ್ಟುವಂಥದು. ನಾನಿಲ್ಲಿ ಹೇಳಹೊರಟದ್ದು ಅದರ ದಾಯಾದಿಯ ವೃತ್ತಾಂತ. ಇದನ್ನು ಕಾಣಲು ಘಟ್ಟಕ್ಕೂ ಕಡಲಿಗೂ ಹೋಗಬೇಕು. ಉದ್ದ 12 ಸೆಂಟಿಮೀಟರು, ಮೈಯೆಲ್ಲ ಒಂದೇ ಮಾಸಲು ಕಂದು.

1840ರಲ್ಲಿ ಇದನ್ನು ಶಾಸ್ತ್ರಕ್ಕೆ ಪರಿಚಯಿಸಿದವರು ಮದರಾಸು ಪ್ರಾಂತದ ಸೇವೆಯಲ್ಲಿದ್ದ ವೈದ್ಯ ಜೆರ್ಡನ್. ನೀಲಗಿರಿಯ ಕೂನೂರು ಘಾಟಿನ ಹಕ್ಕಿಗೆ ಅವರಿಟ್ಟ ಹೆಸರು ‘ಯುನಿಕಲರ್’, ಎಂದರೆ ಏಕವರ್ಣ. ವಂಶದ ಹೆಸರು ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ. ಅದು ಗ್ರೀಕಿನ ‘ಅಪೌಸ್’, ಕಾಲಿಲ್ಲದ್ದು. ನಮ್ಮ ‘ಅಪಾದ’ಕ್ಕೆ ಒಡಹುಟ್ಟಿದ ಶಬ್ದ. ಕಾಲೇನೋ ಉಂಟು, ಆದರೆ ಬಂಡೆಗೆ ಜೋತುಬೀಳುವುದಕ್ಕೆ ಮಾತ್ರ. ಕೊಂಬೆಯ ಮೇಲೆ ಕೂಡಲು ಬಾರದು. ಚಾತಕ ಚಕೋರಗಳನ್ನು ಹುಡುಗರಿಗೆ ವರ್ಷಾನುಗಟ್ಟಲೆ ಕಲಿಸಿದ ನನಗೆ ಈ ಹಕ್ಕಿಯ ಸುದ್ದಿ ತಿಳಿದದ್ದು ಬಹಳ ತಡವಾಗಿ.

ಜೆರ್ಡನ್ನರು 1862ರಿಂದ 1864ರವರೆಗೆ ಪ್ರಕಟಿಸಿದ ಭಾರತದ ಪಕ್ಷಿಗಳ ಗ್ರಂಥದಲ್ಲಿ ಇದು ಗೂಡುಕಟ್ಟುವ ಠಾವುಗಳಾಗಿ ವೆಂಗುರ್ಲೆಯ ಬಂಡೆಗಳೂ ಹೊನ್ನಾವರದ ದಕ್ಷಿಣಕ್ಕಿರುವ ‘ಪಿಜನ್ ಐಲೆಂಡ್’ ಕೂಡ ಬಂದಿವೆ. ಈ ಎರಡನೆಯದೇ ಮುರ್ಡೇಶ್ವರದೆದುರಿನ ನಮ್ಮ ನೇತ್ರಾಣಿ.

ಗವಿಯ ಕಗ್ಗತ್ತಲೆಯಲ್ಲಿ ಈ ಹಕ್ಕಿ ಗೋಡೆಗೆ ಬಡಿಯದೆ ಹಾರುವುದು ಹೇಗೆ? 1959ರಲ್ಲಿ ಆಲ್ವಿನ್ ನೊವಿಕ್ ಎಂಬ ವಿಜ್ಞಾನಿ ಸಿಂಹಳದಲ್ಲಿ ಇದೇ ಹಕ್ಕಿಯನ್ನು ಪರೀಕ್ಷಿಸಿ ಪ್ರಕಟಿಸಿದರು. ಹಾರುವಾಗ ಅದು ಟಿಕ್‌ಟಿಕ್ ಎಂದು ಸದ್ದು ಮಾಡಿ, ಮರುದನಿಯಿಂದ ದಾರಿ ಅರಿಯುತ್ತದೆ. ಬಾವಲಿಯ ವಿದ್ಯೆಯೇ ಸರಿ. ಆದರೆ ಬಾವಲಿಯ ದನಿ ಬಹುಮಟ್ಟಿಗೆ ನಮ್ಮ ಕಿವಿಗೆ ನಿಲುಕದು, ಇದರ ದನಿ ಕೇಳಿಸುತ್ತದೆ.

ಬೆಳಕು ಸುಳಿಯದ ಆ ಗೋಡೆಗೆ ಹಕ್ಕಿ ತನ್ನ ಉಗುಳನ್ನೇ ಎಳೆಎಳೆಯಾಗಿ ಅಂಟಿಸಿ, ಪುಕ್ಕ ಪಾಚಿ ಬೆರೆಸಿ, ಅರ್ಧ ಬಟ್ಟಲಿನಂಥ ಗೂಡು ಮಾಡುತ್ತದೆ. ಒಳಗೆ ಎರಡೇ ಬಿಳಿಯ ಮೊಟ್ಟೆ. ಹಾವು ಹದ್ದುಗಳಿಗೆ ಎಟುಕದಂತೆ ಮರೆಮಾಡಿದ ಈ ಗೂಡೇ ಅದಕ್ಕೆ ಕುತ್ತಾಯಿತು. ಒಣಗಿದ ಉಗುಳನ್ನು ಬೇಯಿಸಿ ಸಾರು ಮಾಡುವುದು ಚೀನೀಯರಲ್ಲಿ ಬಹುಕಾಲದಿಂದ ನಡೆದುಬಂದ ಭೋಗ. ಪುಕ್ಕ ಬೆರೆತ ನಮ್ಮ ಹಕ್ಕಿಯ ಗೂಡು ಆಗ್ನೇಯ ಏಷ್ಯದ ಬಿಳಿಗೂಡಿನಷ್ಟು ಬೆಲೆಬಾಳದು. ಆದರೂ ಕೀಳುವವರು ಬಿಡಲಿಲ್ಲ. ಮೊಟ್ಟೆ ಮರಿ ಇದ್ದ ಗೂಡುಗಳೂ ಹೋದವು. ಈ ಶತಮಾನದ ಮೊದಲ ವರ್ಷಗಳಲ್ಲಿ ವೆಂಗುರ್ಲೆಯ ಬಂಡೆಗಳಲ್ಲಿ ಇಂಥ ಕಳ್ಳತನ ಬಯಲಾಗಿ, ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಕಾವಲಿಗೆ ನಿಂತರು. ಕಾಯ್ದೆಯ ರಕ್ಷಣೆಯೂ ಬಂತು.

ನೇತ್ರಾಣಿಯ ಪಾಡು ಬೇರೆ. ಆ ದ್ವೀಪವನ್ನು ನೌಕಾದಳ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತ ಬಂದದ್ದುಂಟು. ಮದ್ದಿನ ಆ ಸಪ್ಪಳದ ನಡುವೆ ಗವಿಯೊಳಗಣ ಹಕ್ಕಿಗೆ ತನ್ನ ಟಿಕ್‌ಟಿಕ್ಕಿನ ಮರುದನಿ ಕೇಳಿಸೀತೆ?