ಊರಿಗೆ ಬಂದವರಿಗೆ ಗಾಳದ ಅಂಗಡಿ: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದಲ್ಲಿ ಯಾರನ್ನು, ಏನೆಂದು ಕೇಳಬೇಕು

ದೀಪಾವಳಿಗೋ ಮದುವೆಗೋ ಊರಿಗೆ ಬರುವ ನಮ್ಮ ಮನೆಗಳ ಹುಡುಗರು ಈಗ ಸೂಟ್‌ಕೇಸಿನ ಜೊತೆ ಒಂದು ಉದ್ದನೆಯ ಕೊಳವೆಯನ್ನೂ ತರುವುದುಂಟು. ಒಳಗೆ ನಾಲ್ಕು ತುಂಡಾಗಿ ಮಡಚಿಟ್ಟ ಫ್ಲೈ ಫಿಶಿಂಗ್ ಕೋಲು. ಬಂದ ಮರುದಿನವೇ ಪ್ರಶ್ನೆ ಶುರು: "ಮಾಮಾ, ಇಲ್ಲಿ ಫ್ಲೈ ಶಾಪ್ ಎಲ್ಲಿದೆ?" ಈ ಪ್ರಶ್ನೆಗೆ ಉತ್ತರ ಕೊಡಲು ಹೋಗಿ ನಾನು ಕಲಿತದ್ದನ್ನು ಸದಸ್ಯರ ಉಪಯೋಗಕ್ಕೆಂದು ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕ, ಇಂಗ್ಲೆಂಡಿನಲ್ಲಿರುವಂತೆ ಫ್ಲೈ ಸಾಮಾನಿಗೇ ಮೀಸಲಾದ ಅಂಗಡಿಯನ್ನು ಈ ಮೂರೂ ಊರುಗಳಲ್ಲಿ ನಿರೀಕ್ಷಿಸಬೇಡಿ. ಆದರೆ ಅಂಥ ಅಂಗಡಿಯಿಂದ ನಿಜವಾಗಿ ಬೇಕಾಗುವುದು ಎರಡು: ಒಂದಿಷ್ಟು ಸಾಮಾನು, ಮತ್ತು ನದಿ ಗೊತ್ತಿರುವ ಮನುಷ್ಯ. ಸಾಮಾನನ್ನು ಹೇಗಾದರೂ ಹೊಂದಿಸಬಹುದು. ಮನುಷ್ಯನನ್ನು ಹುಡುಕಬೇಕು.

ನಮ್ಮ ಅನುಭವವನ್ನೇ ಕೇಳಿ. ಅಕ್ಕನ ಮಗ ಕೋಲು ತಂದಿದ್ದ, ದಾರ ಮರೆತಿದ್ದ. ದೊಡ್ಡ ಗಾಜಿನ ಬಾಗಿಲಿನ ಅಂಗಡಿಯೊಂದಕ್ಕೆ ಕರೆದೊಯ್ದೆ. ಹೆಸರು ಇಲ್ಲಿ ಬೇಡ. ಅವರು ನಮ್ಮ ಮಾತು ಪೂರ್ತಿ ಕೇಳದೆ ಸಮುದ್ರಕ್ಕೆ ಬಳಸುವ ಭಾರೀ ರೀಲನ್ನು ಮಾರಿದರು. ಆ ಕೋಲಿಗೆ ಅದು ಕೂರಲೇ ಇಲ್ಲ. ಅದೇ ಸಂಜೆ, ಬಲೆ ಮತ್ತು ಹಗ್ಗ ಮಾರುವ ಹಳೆಯ ಅಂಗಡಿಯ ಮುದುಕರೊಬ್ಬರು ಕೋಲನ್ನು ತಿರುಗಿಸಿ ನೋಡಿ ಕೇಳಿದ ಮೊದಲ ಮಾತು: "ಕೋಣತ್ಯಾ ನದೀವರ ಜಾಣಾರ?" ಯಾವ ನದಿಗೆ ಹೋಗುತ್ತೀರಿ ಎಂದು. ಎರಡನೆಯದು: "ಪಾಣ್ಯಾತ ಉತರಣಾರ ಕಾ?" ನೀರಿಗೆ ಇಳಿಯುತ್ತೀರಾ? ಫ್ಲೈ ಎಂಬ ಪದವನ್ನೇ ಅವರು ಕೇಳಿರಲಿಲ್ಲ. ಆದರೂ ನಮಗೆ ಬೇಕಾದ ಅಂಗಡಿ ಅದೇ ಆಗಿತ್ತು.

ನೀರಿಗೆ ಇಳಿಯುವ ಪ್ರಶ್ನೆ ಏಕೆ?

ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಯಲ್ಲಿ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಸಿನೊಣಕ್ಕೆ ಭಾರವೇ ಇಲ್ಲ. ದಪ್ಪ ದಾರದ ಭಾರದಲ್ಲೇ ಅದು ಹಾರಬೇಕು. ಅದಕ್ಕೆ ಬೆನ್ನ ಹಿಂದೆ ಗಿಡಮರವಿಲ್ಲದ ಜಾಗ ಬೇಕು. ಹೀಗಾಗಿ ಆ ಪದ್ಧತಿಯವರು ಮೊಣಕಾಲು, ಸೊಂಟದವರೆಗೆ ನೀರಿಗಿಳಿದು ನಿಲ್ಲುವುದು ರೂಢಿ. ನಮ್ಮ ಕಡೆ ಇದೇ ಅಪಾಯ. ಸಾಂಗ್ಲಿ ಭಾಗದ ಕೃಷ್ಣೆಯಲ್ಲಿ, ವಾರಣೆಯಲ್ಲಿ ಮೊಸಳೆಗಳಿವೆ. ದಂಡೆಯಲ್ಲಿ ಜನರ ಮೇಲೆ ಎರಗಿದ ಘಟನೆಗಳೂ ನಡೆದಿವೆ. ನರಸೋಬಾವಾಡಿಯಲ್ಲಿ ಪಂಚಗಂಗೆ ಕೃಷ್ಣೆಯನ್ನು ಸೇರುವುದರಿಂದ ಶಿರೋಳ ತಾಲ್ಲೂಕಿನ ಕೆಳಭಾಗದಲ್ಲೂ ಎಚ್ಚರ ಬೇಕು. ಅಲ್ಲೆಲ್ಲ ದಂಡೆಯಿಂದಲೇ, ಅದೂ ನೀರಿನಂಚಿನಿಂದ ಹಿಂದೆ ನಿಂತು ಎಸೆಯಬೇಕು. ಇದನ್ನು ಹೇಳದೆ ಸಾಮಾನು ಕೊಟ್ಟವನು ವ್ಯಾಪಾರಿ ಇರಬಹುದು, ನಮಗೆ ಬೇಕಾದವನಲ್ಲ.

ಎರಡನೆಯ ಎಚ್ಚರಿಕೆ ಬಂಧಾರೆಯದು. ನದಿಗೆ ಅಡ್ಡಲಾಗಿ ಕಲ್ಲಿನ ಕಂಬ ಕಟ್ಟಿ, ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುವ ಕೆ.ಟಿ. ಬಂಧಾರೆಯನ್ನು ನಾವೆಲ್ಲ ನೋಡಿದ್ದೇವೆ. ಕೆ.ಟಿ. ಎಂದರೆ ಕೊಲ್ಹಾಪುರ ಟೈಪ್. ನಮ್ಮೂರಿನ ಹೆಸರೇ ದೇಶದ ನೀರಾವರಿ ಇಲಾಖೆಗಳ ಕಡತಗಳಲ್ಲಿ ಓಡಾಡುತ್ತಿದೆ. ಆ ಹಲಗೆಗಳಿಗೆ ಮರಾಠಿಯಲ್ಲಿ ಬರಗೆ ಎನ್ನುತ್ತಾರೆ. ಮಳೆ ನಿಂತ ಮೇಲೆ, ಸುಮಾರು ಅಕ್ಟೋಬರ್ ಹೊತ್ತಿಗೆ ಹಾಕುತ್ತಾರೆ, ಮುಂಗಾರಿಗೆ ಮುಂಚೆ ತೆಗೆಯುತ್ತಾರೆ. ಬರಗೆ ಹಾಕಿದಾಗ ಮೇಲೆ ಕೆರೆಯಂಥ ನಿಂತ ನೀರು, ತೆಗೆದಾಗ ಹರಿಯುವ ನದಿ. ಮೀನು ಇರುವ ಜಾಗ, ಕಚ್ಚುವ ಹೊತ್ತು ಎಲ್ಲ ಇದರ ಮೇಲೆ. ಆದ್ದರಿಂದ ಅಂಗಡಿಯಲ್ಲಿ "ಬರಗೆ ಘಾತಲೇ ಕಾ?" ಎಂದು ಕೇಳಿ ನೋಡಿ. ನದಿಗೆ ಹೋಗುವ ಮನುಷ್ಯನಾದರೆ ಥಟ್ಟನೆ ಉತ್ತರ ಬರುತ್ತದೆ. ಬಂಧಾರೆಯ ಕೆಳಗೆ ನೀರು ಬಿದ್ದು ಕೊರೆದ ಗುಂಡಿಗಳಿರುತ್ತವೆ, ಕಲ್ಲು ಪಾಚಿಗಟ್ಟಿರುತ್ತದೆ. ಈಜು ಬಂದರೂ ಒಬ್ಬರೇ ಹೋಗಬಾರದು.

ಮಳೆಗಾಲದಲ್ಲಂತೂ ಪಂಚಗಂಗೆಯ ಮಾತೇ ಬೇಡ. ಕಸಬಾ ಬಾವಡಾದ ರಾಜಾರಾಮ ಬಂಧಾರೆಯಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್ ಮತ್ತು 2021ರ ಜುಲೈ, ಎರಡೂ ಸಲ ನೀರು 55 ಅಡಿ ದಾಟಿತ್ತು. ಅಲ್ಲದೆ ಮೀನು ಮೊಟ್ಟೆಯಿಡುವ ಕಾಲವೂ ಅದೇ.

ಎಲ್ಲಿ ಹುಡುಕಬೇಕು

ಫೋನಿನ ನಕ್ಷೆಯಲ್ಲಿ "ಫಿಶಿಂಗ್ ಟ್ಯಾಕಲ್" ಎಂದು ಹುಡುಕಿದರೆ ಸಿಗುವುದು ಕಡಿಮೆ. ಬಲೆ, ಹಗ್ಗ, ಟಾರ್ಪಾಲಿನ್ ಮಾರುವ ಅಂಗಡಿಗಳಲ್ಲಿ ಗಾಳದ ಕೊಕ್ಕೆ, ನೈಲಾನ್ ದಾರ ಇರುತ್ತವೆ. ಅಕ್ವೇರಿಯಂ ಅಂಗಡಿಯ ಹುಡುಗರಲ್ಲಿ ಹಲವರು ಸ್ವತಃ ಗಾಳ ಹಾಕುವವರು. ಇನ್ನೂ ಒಳ್ಳೆಯ ದಾರಿಯೆಂದರೆ ಬೆಳಗ್ಗೆ ಮೀನಿನ ಪೇಟೆಗೆ ಹೋಗಿ, ಕೆರೆಮೀನು, ಹೊಳೆಮೀನು ಮಾರುವವರ ಹತ್ತಿರ ಒಂದಿಷ್ಟು ಕೊಂಡು, ದಾರ, ಕೊಕ್ಕೆ ಎಲ್ಲಿ ತರುತ್ತೀರೆಂದು ಕೇಳುವುದು. ಅವರು ತೋರಿಸುವ ಅಂಗಡಿಗೆ ಬೋರ್ಡ್ ಇಲ್ಲದೆಯೂ ಇರಬಹುದು.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಗಾಳ ಮರಾಠಿಯಲ್ಲಿ ಗಳ. ಕನ್ನಡದಲ್ಲಿ ಗಳ ಎಂದರೆ ಬಿದಿರಿನ ಕೋಲು. ಗಡಿಭಾಗದಲ್ಲಿ ಎರಡೂ ಭಾಷೆ ಬೆರೆಸಿ ಮಾತಾಡುವ ನಮ್ಮಂಥವರು ಕೊಕ್ಕೆ ಕೇಳಿ ಬಿದಿರು ಕೊಂಡು ಬಂದರೆ ಆಶ್ಚರ್ಯವಿಲ್ಲ. ನೈಲಾನ್ ದಾರಕ್ಕೆ ತಂಗೂಸ ಎನ್ನಬೇಕು. ಮರಳ ಎಂದರೆ ಇಲಾಖೆಯವರು ಮುರೆಲ್ ಎಂದು ಬರೆಯುವ, ಹಾವಿನ ತಲೆಯಂಥ ತಲೆಯ ಮೀನು. ಚಿಲಾಪಿ ಎಂದರೆ ತಿಲಾಪಿಯಾ. ವಾಂಬ ಎಂದರೆ ಹಾವುಮೀನು.

ಅಂಗಡಿಯವರ ಬಾಯಿಂದ ಬರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. 1839ರಲ್ಲಿ ಕರ್ನಲ್ ಸೈಕ್ಸ್ ದಖನ್ನಿನ ಮೀನುಗಳ ವಿವರ ಪ್ರಕಟಿಸಿದಾಗ ಮಾಡಿದ್ದೂ ಅದನ್ನೇ. ಖುದ್ರೀ, ಕೋಲುಸ್, ಮುಸುಳ್ಳಾ ಎಂಬ ಸ್ಥಳೀಯ ಹೆಸರುಗಳನ್ನೇ ವೈಜ್ಞಾನಿಕ ಹೆಸರಿಗೆ ಸೇರಿಸಿದ. ದಖನ್ನಿನ ಮಹಶೀರ್ ಇಂದಿಗೂ ಪುಸ್ತಕದಲ್ಲಿ ಟಾರ್ ಖುದ್ರೀ. ಗಾಳದವರ ಹಳೆಯ ಕೈಪಿಡಿ 'ದಿ ರಾಡ್ ಇನ್ ಇಂಡಿಯಾ' ಬರೆದ ಎಚ್.ಎಸ್. ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವನು. 1873ರ ಆ ಪುಸ್ತಕಕ್ಕೂ ಮೊದಲು, 1870ರಲ್ಲಿ, ದಕ್ಷಿಣ ಕನ್ನಡದ ಮೀನುಸಾಕಣೆಯ ಬಗ್ಗೆ ವರದಿ ಬರೆದಿದ್ದ.

ಇಚಲಕರಂಜಿ: ಮೀನಿಗಿಂತ ನೂಲು

ಕೊಲ್ಹಾಪುರದಿಂದ ಸುಮಾರು 30 ಕಿಲೋಮೀಟರ್ ದೂರದ ಇಚಲಕರಂಜಿಗೆ ಮೀನು ಹಿಡಿಯಲು ಹೋಗಿ ಎಂದು ನಾನು ಹೇಳಲಾರೆ. ಬೇಸಿಗೆಯಲ್ಲಿ ಪಂಚಗಂಗೆಯ ಕೆಳಹರಿವಿನಲ್ಲಿ, ತೇರವಾಡ ಬಂಧಾರೆಯ ಕಡೆ, ಮೀನು ಸತ್ತು ತೇಲಿದ ಸುದ್ದಿ ಒಂದಲ್ಲ, ಹಲವು ವರ್ಷ ಓದಿದ್ದೇವೆ. ಊರುಗಳ ಚರಂಡಿ, ಕಾರ್ಖಾನೆಗಳ ಹೊಲಸು ನೀರು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತಿಂದುಹಾಕುತ್ತದೆ. ಬಿಸಿ ನೀರು ಹಿಡಿದಿಡುವ ಆಮ್ಲಜನಕವೂ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ಬರಗೆಯ ಹಿಂದೆ ನಿಂತ ನೀರಿಗೆ ಎರಡೂ ಹೊಡೆತ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ನೊಣಕ್ಕೆ ಬಂದದ್ದಲ್ಲ, ಉಸಿರಿಗೆ ಬಂದದ್ದು. ಅಲ್ಲಿ ಗಾಳ ಹಾಕಬೇಡಿ. ಅಲ್ಲಿನ ಮೀನು ಮನೆಗೆ ತರಲೂ ಬೇಡಿ.

ಆದರೆ ಹುಸಿನೊಣ ಕಟ್ಟುವವರಿಗೆ ಇಚಲಕರಂಜಿ ಉಪಯೋಗದ ಊರು. ಫ್ಲೈ ಕಟ್ಟಲು ಪರದೇಶದಲ್ಲಿ ಪುಟ್ಟ ಉಂಡೆಯಾಗಿ ಮಾರುವ ದಾರ ಸಾಮಾನ್ಯವಾಗಿ 70 ಅಥವಾ 140 ಡೆನಿಯರಿನದು. ಡೆನಿಯರ್ ಎಂದರೆ 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಪವರ್‌ಲೂಮ್ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 75 ಡೆನಿಯರಿನ ಪಾಲಿಯೆಸ್ಟರ್ ಫಿಲಮೆಂಟ್ ನೂಲು ನೇಯ್ಗೆಯಲ್ಲಿ ಮಾಮೂಲಿ ಬಳಕೆಯದು. ಹೆಚ್ಚು ಹುರಿಯಿಲ್ಲದ್ದನ್ನು ಆರಿಸಿದರೆ ಕೊಕ್ಕೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಕಾರ್ಖಾನೆ ಉಂಡೆಯಷ್ಟು ಗಟ್ಟಿ ಅಲ್ಲ, ಎಳೆತ ಸ್ವಲ್ಪ ಹಗುರ ಇರಲಿ. ಮಿನುಗಿಗೆ ಜರಿ ಎಳೆ, ಗರಿಗೆ ಮನೆಯ ಹುಂಜ. ನೂಲಿನ ವ್ಯಾಪಾರಿ ಕಿಲೋ ಲೆಕ್ಕದಲ್ಲಿ ಮಾರುವವನು; ಖಾಲಿ ಬಾಬಿನ್ನಿಗೆ ಹತ್ತು ಮೀಟರ್ ಸುತ್ತಿಕೊಡಿ ಎಂದರೆ ನಗಬಹುದು. ಕೊಕ್ಕೆಯನ್ನು ತೋರಿಸಿ ಯಾತಕ್ಕೆಂದು ಹೇಳಿದರೆ ಹಣ ತೆಗೆದುಕೊಳ್ಳದೆಯೂ ಕೊಡಬಹುದು.

ದಾರದ ಇನ್ನೊಂದು ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ಫ್ಲೈಯವರು ತುದಿಯ ಸಣ್ಣ ನೈಲಾನನ್ನು 4ಎಕ್ಸ್, 2ಎಕ್ಸ್ ಎಂದು ಕೇಳುತ್ತಾರೆ. ನಮ್ಮ ಅಂಗಡಿಗಳಲ್ಲಿ ಮಿಲಿಮೀಟರ್ ಲೆಕ್ಕ. 11ರಿಂದ ಎಕ್ಸ್‌ನ ಸಂಖ್ಯೆ ಕಳೆಯಿರಿ, ಉಳಿದದ್ದು ಇಂಚಿನ ಸಾವಿರದ ಭಾಗ. 4ಎಕ್ಸ್ ಅಂದರೆ 7, ಸುಮಾರು 0.18 ಮಿ.ಮೀ. 2ಎಕ್ಸ್ ಸುಮಾರು 0.23, 0ಎಕ್ಸ್ 0.28. ಚಿಕ್ಕ ಮೀನಿಗೆ 0.18 ಸಾಕು, ಮರಳಕ್ಕೆ 0.28ಕ್ಕಿಂತ ದಪ್ಪ ಬೇಕು. ಬಿಸಿಲಿಗೆ ಇಟ್ಟ ತಂಗೂಸದ ಶಕ್ತಿ ಹೋಗಿರುತ್ತದೆ. ಒಂದು ಗಂಟು ಹಾಕಿ ಜಗ್ಗಿ ನೋಡಿ ಕೊಳ್ಳಿ. ಹಾಗೆ ಜಗ್ಗಿ ನೋಡಲು ಬಿಡದ ಅಂಗಡಿಯಿಂದ ಎದ್ದು ಬನ್ನಿ. ಎಸೆಯುವ ದಪ್ಪ ಫ್ಲೈ ದಾರವನ್ನು ಮಾತ್ರ ಬರುವವರೇ ತರಬೇಕು.

ಗಡಹಿಂಗ್ಲಜ: ನಮ್ಮದೂ ಆದ ಹೊಳೆ

ಮೂರು ಊರುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಗಡಹಿಂಗ್ಲಜ. ಹಿರಣ್ಯಕೇಶಿ ಆಂಬೋಲಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ, ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಒಂದೇ ಹೊಳೆಯ ದಂಡೆಯಲ್ಲಿ ಎರಡು ಭಾಷೆ. ಗಡಿಗೆ ಹತ್ತಿದ ಹಳ್ಳಿಗಳಲ್ಲಿ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಬರುತ್ತದೆ. ಇಲ್ಲಿನ ಹುಡುಗರಿಗೆ ಫುಟ್‌ಬಾಲ್ ಹುಚ್ಚು. ಸ್ಪೋರ್ಟ್ಸ್ ಅಂಗಡಿಗೆ ಹೋದರೆ ಗಾಳಕ್ಕಿಂತ ಬೂಟಿನ ಮಾತು ಜಾಸ್ತಿ. ಸಂತೆಯಲ್ಲಿ ಕೇಳಿ.

ಆದರೆ ಹೊಳೆಯ ತಲೆಗೆ, ಆಂಬೋಲಿಯ ಹಿರಣ್ಯಕೇಶಿ ದೇವಸ್ಥಾನದ ಕೊಳಕ್ಕೆ, ಗಾಳ ಹಿಡಿದು ಹೋಗಲೇಬೇಡಿ. ಅಲ್ಲಿನ ಪುಟ್ಟ ಮೀನೊಂದನ್ನು 2020ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿ ಶಿಸ್ಟುರಾ ಹಿರಣ್ಯಕೇಶಿ ಎಂದು ಹೆಸರಿಟ್ಟರು. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ರಾಧಾನಗರಿಯ ಹಿನ್ನೀರೂ ಹಾಗೆಯೇ. ಶಾಹೂ ಮಹಾರಾಜರ ಕಾಲದಲ್ಲಿ ಶುರುವಾದ ಆ ಅಣೆಕಟ್ಟಿನ ಸುತ್ತ ಅಭಯಾರಣ್ಯವಿದೆ, 2012ರಿಂದ ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ನೋಡಲು ಹೋಗಿ, ಕೋಲು ಮನೆಯಲ್ಲಿ ಬಿಡಿ.

ಬೇರೆ ಕೆರೆ, ಜಲಾಶಯಗಳಲ್ಲೂ ಮೀನು ಯಾರದೂ ಅಲ್ಲ ಎಂದುಕೊಳ್ಳಬೇಡಿ. ಅನೇಕವನ್ನು ಮೀನುಗಾರರ ಸಹಕಾರಿ ಸಂಘಗಳು ಗುತ್ತಿಗೆ ಹಿಡಿದು, ದುಡ್ಡು ಹಾಕಿ ರೋಹು, ಕಾಟ್ಲಾ ಮರಿ ಬಿಟ್ಟಿರುತ್ತವೆ. "ಸೊಸಾಯಟೀಚೀ ಪರವಾನಗೀ ಲಾಗತೇ ಕಾ?" ಎಂದು ಅಂಗಡಿಯಲ್ಲೇ ಕೇಳಿ. ಒಳ್ಳೆಯ ಅಂಗಡಿಯವನಿಗೆ ಸಂಘದ ಕಾರ್ಯದರ್ಶಿಯ ಮನೆ ಗೊತ್ತಿರುತ್ತದೆ. ಹಿಡಿದು ಬಿಟ್ಟುಬಿಡುತ್ತೇವೆ ಎಂದರೆ ಕೆಲವರು ನಂಬುವುದಿಲ್ಲ, ಬಿಡುವುದನ್ನು ಎದುರಿಗೇ ತೋರಿಸಬೇಕಾಗುತ್ತದೆ. ಸಂಕೇಶ್ವರದ ಕಡೆ ದಾಟಿದರೆ ಇಲಾಖೆ ಬೇರೆ, ಮತ್ತೆ ಕೇಳಬೇಕು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ಎರಡೂ ಕಡೆ ಅಪರಾಧ. 1897ರ ಮೀನುಗಾರಿಕೆ ಕಾಯಿದೆಯಿಂದಲೂ ಅದು ನಿಷಿದ್ಧ.

ಮಹಶೀರ್ ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು, ನೀರಿನಿಂದ ಪೂರ್ತಿ ಎತ್ತದೆ ಬಿಟ್ಟುಬಿಡಿ. ಈ ಜಾತಿಯನ್ನು ಉಳಿಸಲೆಂದು ಲೋಣಾವಳೆಯಲ್ಲಿ ಟಾಟಾ ಪವರ್‌ನವರು 1970ರ ದಶಕದಿಂದ ಮರಿ ಮಾಡಿಸಿ ಹೊಳೆಗಳಿಗೆ ಬಿಡಿಸುತ್ತ ಬಂದಿದ್ದಾರೆ. ಒಂದು ಫೋಟೋ ಸಾಕು.

ಅಂಗಡಿಗೆ ಎರಡನೇ ಸಲ ಹೋಗುವಾಗ ಆ ಫೋಟೋ ತೋರಿಸಿ, ಪರದೇಶದಿಂದ ತಂದ ಎರಡು ಹುಸಿನೊಣಗಳನ್ನು ಕೊಟ್ಟು ಬನ್ನಿ. ನಮ್ಮ ಬಲೆ ಅಂಗಡಿಯ ಮುದುಕರು ಅದನ್ನು ಗಲ್ಲೆಯ ಮೇಲಿನ ದೇವರ ಫೋಟೋಗೆ ಸಿಕ್ಕಿಸಿಟ್ಟಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರಂತೆ. ಸದಸ್ಯರಲ್ಲಿ ಯಾರಿಗಾದರೂ ಇಂಥ ಅಂಗಡಿ ಗೊತ್ತಿದ್ದರೆ, ಅವರ ಒಪ್ಪಿಗೆ ಕೇಳಿಕೊಂಡು ಸಂಘಕ್ಕೆ ತಿಳಿಸಿ. ಮುಂದಿನ ದೀಪಾವಳಿಗೆ ಬರುವ ಹುಡುಗರಿಗೆ ದಾರಿ ಹೇಳಲು ಅನುಕೂಲವಾಗುತ್ತದೆ.