ವಿರೂಪಾಕ್ಷನ ರಾಜಧಾನಿ: ಗುಡಿಗಳು ಮತ್ತು ಕಾಲುವೆಗಳು

ಕೊಪ್ಪಳ ಸೀಮೆಯ ಆನೆಗೊಂದಿಯೂ ಹೊಳೆಯಾಚೆಯ ಹಂಪೆಯೂ ಒಂದೇ ಇತಿಹಾಸದ ಎರಡು ದಡಗಳು. ನಡುವೆ ಹರಿಯುವ ತುಂಗಭದ್ರೆಗೆ ಪಂಪೆಯೆಂಬುದು ಪುರಾತನ ನಾಮ; ಅದೇ ಜನರ ನಾಲಗೆಯಲ್ಲಿ ಹಂಪೆಯಾಯಿತು. 14ನೆಯ ಶತಮಾನದಲ್ಲಿ ವಿಜಯನಗರವು ತಲೆಯೆತ್ತುವುದಕ್ಕೆ ಬಹು ಪೂರ್ವದಲ್ಲಿಯೇ ಇದು ವಿರೂಪಾಕ್ಷನ ಕ್ಷೇತ್ರವಾಗಿದ್ದಿತು. ರಗಳೆಯ ಕವಿ ಹರಿಹರನು ಈ ದೈವದ ಪರಮಭಕ್ತನು. ಸಂಗಮ ವಂಶದ ಅರಸರು ತಮ್ಮ ಶಾಸನಗಳಿಗೆ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಲಿಪಿಯಲ್ಲಿ ಅಂಕಿತ ಹಾಕಿದರು. ರಾಜ್ಯವು ದೇವರದು, ತಾವು ಅದರ ಪಾಲಕರು ಮಾತ್ರವೆಂಬುದು ಇದರ ತಾತ್ಪರ್ಯ.

ಬಂಡೆಗಳ ನಾಡಿನಲ್ಲಿ ಮಹಾನಗರವನ್ನು ಬದುಕಿಸಿದುದು ನೀರು. ಹೊಳೆಗೆ ಅಡ್ಡಲಾಗಿ ಅಣೆಕಟ್ಟುಗಳನ್ನು ಕಟ್ಟಿ ಎರಡು ದಡಗಳಿಗೂ ಕಾಲುವೆಗಳನ್ನು ತಿರುಗಿಸಲಾಯಿತು. ಬಲದಂಡೆಯ ತುರ್ತಾ ಕಾಲುವೆಯು ನಗರದ ನಡುವೆಯೇ ಹರಿದು ಗದ್ದೆಗಳನ್ನು ತಣಿಸಿತು. ಎಡದಂಡೆಯ ಕಾಲುವೆಗಳು ಆನೆಗೊಂದಿ, ಗಂಗಾವತಿಗಳ ಹೊಲಗಳಿಗೆ ನೀರುಣಿಸಿದವು. ಬಡವಿಲಿಂಗದ ಗರ್ಭಗುಡಿಯಲ್ಲಿ ಲಿಂಗದ ಪೀಠವು ನೀರಿನಲ್ಲಿಯೇ ನಿಂತಿದೆ. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕನು ನಯವಾಗಿ ಕೆತ್ತಿದ ಕಲ್ಲುಗಾಲುವೆಗಳಲ್ಲಿ ನೀರು ಹರಿಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಅದು ಪ್ರೌಢದೇವರಾಯನ ಕಾಲ. ‘ಶಿವತತ್ತ್ವಚಿಂತಾಮಣಿ’ಯ ಕರ್ತೃ ಲಕ್ಕಣ್ಣ ದಂಡೇಶನೂ ‘ಪ್ರಭುಲಿಂಗಲೀಲೆ’ಯ ಚಾಮರಸನೂ ಬಾಳಿದ ಕಾಲ.

1510ರಲ್ಲಿ ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗೆ ವಿರೂಪಾಕ್ಷನ ಗುಡಿಗೆ ರಂಗಮಂಟಪವನ್ನು ಕಟ್ಟಿಸಿದ ಸಂಗತಿ ಅಲ್ಲಿಯ ಶಾಸನದಿಂದ ತಿಳಿಯುತ್ತದೆ. 1565ರ ರಕ್ಕಸತಂಗಡಿಯ ಯುದ್ಧಾನಂತರ ನಗರವು ಹಾಳಾಯಿತು. ಅರಮನೆಗಳಲ್ಲಿ ಉಳಿದುದು ಕಲ್ಲಿನ ಅಧಿಷ್ಠಾನ ಮಾತ್ರ. ಶಿಲ್ಪವೈಭವದ ವಿಠ್ಠಲನ ಗುಡಿಯಲ್ಲಿ ಇಂದು ಪೂಜೆಯಿಲ್ಲ. ಆದರೆ ವಿರೂಪಾಕ್ಷನ ಸನ್ನಿಧಿಯಲ್ಲಿ ಇಂದಿಗೂ ನಿತ್ಯಪೂಜೆ ಸಲ್ಲುತ್ತಿದೆ. ತುರ್ತಾ ಕಾಲುವೆಯು ಇಂದಿಗೂ ಹರಿಯುತ್ತಿದೆ. 1953ರಲ್ಲಿ ತುಂಗಭದ್ರಾ ಜಲಾಶಯವು ತುಂಬಿದಾಗ ಕೆಲವು ಹಳೆಯ ಅಣೆಕಟ್ಟುಗಳು ಮುಳುಗಿದವು. ಆದರೂ ರಾಯ, ಬಸವಣ್ಣ ಕಾಲುವೆಗಳು ಬತ್ತಲಿಲ್ಲ; ಜಲಾಶಯದಿಂದಲೇ ಅವುಗಳಿಗೆ ನೀರು ದೊರೆಯಿತು.

ಇವು ತಾವಾಗಿಯೇ ಉಳಿದುವಲ್ಲ. ಅರಸೊತ್ತಿಗೆ ಹೋದ ಮೇಲೆಯೂ ಹೂಳೆತ್ತಿದ ಕೈಗಳು, ದೀಪ ಹಚ್ಚಿದ ಕೈಗಳು ಅವನ್ನು ಉಳಿಸಿದವು. ಶರಣರು ಬೋಧಿಸಿದ ಸ್ಥಾವರ-ಜಂಗಮಗಳ ಭೇದಕ್ಕೆ ಈ ಊರೇ ಸಾಕ್ಷಿ. ಕಟ್ಟಿದವನ ಕೀರ್ತಿಗಾಗಿ ನಿಂತುದು ಕೆಡೆಯಿತು. ಕಾಯಕದಿಂದ ನಡೆದು ಪರರಿಗೆ ದಾಸೋಹವಾದುದು ನಡೆಯುತ್ತಲೇ ಇದೆ. ಹಂಪೆಗೆ ಹೋಗುವ ಭಕ್ತರು ಗೋಪುರಕ್ಕೆ ಕೈಮುಗಿದು, ಕಾಲುವೆಯ ದಂಡೆಯಲ್ಲಿಯೂ ಒಂದು ಕ್ಷಣ ನಿಲ್ಲುವುದು ಯುಕ್ತ.